ಮಸ್ಕತ್ತಿನಲ್ಲಿ ಮಾತಾಡಿದ ಕಾಯಿ

ಒಂದಾನೊಂದು ಅಟ್ಟದ ಮೇಲೆ ಒಂದು ತೆಂಗಿನಕಾಯಿ ಇತ್ತಂತೆ. ಅದರ ಅಕ್ಕತಂಗಿಯರೆಲ್ಲ ಕತ್ತಲಲ್ಲಿ ಮೈಗೆ ಮೈ ತಾಗಿಸಿ ಮಲಗಿ ಕೊಬ್ಬರಿಯಾಗುವ ಕನಸು ಕಾಣುತ್ತಿದ್ದರೆ, ಇದೊಂದು ಮಾತ್ರ ನಿದ್ದೆಯಿಲ್ಲದೆ ಹೊರಳಾಡುತ್ತಿತ್ತಂತೆ. ಕಾಯಿಗೆ ಮೂರು ಕಣ್ಣು ನೋಡಿ, ಎರಡು ಮುಚ್ಚಿದರೂ ಒಂದು ತೆರೆದೇ ಇರುತ್ತದೆ. ಆ ಒಂದು ಕಣ್ಣಿಗೆ ಲೋಕ ನೋಡುವ ಆಸೆಯಾಗಿ, ಕಾಯಿ ಏಳು ಸಮುದ್ರ ದಾಟಿ ಹೊರಟೇಬಿಟ್ಟಿತಂತೆ.

ಸಿದ್ದಗಂಗಮ್ಮ ಹೇಳಿದ್ದರೆ ಕಥೆ ಹೀಗೆ ಶುರುವಾಗುತ್ತಿತ್ತು. ಆದರೆ ಈ ಕಾಯಿ ದಾಟಿದ್ದು ಒಂದೇ ಸಮುದ್ರ, ಅದೂ ಮೊಮ್ಮಗ ಶಿವರಾಜುವಿನ ಸೂಟ್‌ಕೇಸಿನೊಳಗೆ, ಅವನ ಬನಿಯನ್ನುಗಳನ್ನು ಸುತ್ತಿಕೊಂಡು. ಲೋಕ ನೋಡುವ ಅವಕಾಶವೇ ಅದಕ್ಕೆ ಸಿಗಲಿಲ್ಲ.

ಶಿವರಾಜು ಮಸ್ಕತ್ತಿನಲ್ಲಿ ಏಸಿ ರಿಪೇರಿ ಮಾಡುವವನು. ಅವನ ಹೆಂಡತಿ ಮೋನಿಕಾ ಅಲ್ಲೇ ಒಂದು ಆಸ್ಪತ್ರೆಯಲ್ಲಿ ನರ್ಸು. ರಜೆಗೆಂದು ತಿಪಟೂರಿನ ಹತ್ತಿರದ ತಮ್ಮೂರು ಹಾಲ್ಕುರಿಕೆಗೆ ಬಂದಿದ್ದವರು ಹೊರಡುವ ಹಿಂದಿನ ದಿನ, ಅಜ್ಜಿ ಒಂದು ಚೀಲ ಕೊಬ್ಬರಿ ತಂದು ಸೂಟ್‌ಕೇಸಿನ ಪಕ್ಕ ಕುಕ್ಕಿದರು.

"ವಿಮಾನದಲ್ಲಿ ಕೊಬ್ಬರಿ ಬಿಡಲ್ಲ ಅಜ್ಜಿ. ಎಣ್ಣೆ ಇರುತ್ತಲ್ಲ, ಬೆಂಕಿ ಹತ್ಕೊಳ್ಳುತ್ತೆ ಅಂತಾರೆ," ಅಂದ ಶಿವರಾಜು.

"ಜೀವಮಾನವೆಲ್ಲ ಒಲೆ ಪಕ್ಕ ಕೊಬ್ಬರಿ ಇಟ್ಕಂಡು ಅಡುಗೆ ಮಾಡಿದೀನಿ ಕಣ್ಲಾ. ನನ್ನ ಸೆರಗಿಗೆ ಹತ್ತದ ಬೆಂಕಿ ವಿಮಾನಕ್ಕೆ ಹತ್ತುತ್ತಾ?"

"ರೂಲ್ಸು ಕಣಜ್ಜಿ."

"ಕಾಯಿ ಬಿಡ್ತಾರಾ?"

"ಕಾಯಿ ಆದ್ರೆ ಪರವಾಗಿಲ್ವಂತೆ."

ಸಿದ್ದಗಂಗಮ್ಮ ಕೂಡಲೇ ಮಗ ಲಿಂಗಣ್ಣನನ್ನು ಅಟ್ಟ ಹತ್ತಿಸಿದರು. ಆ ಸೀಮೆಯ ಮನೆಗಳಲ್ಲಿ ಅಟ್ಟವೆಂದರೆ ಬಾಣಂತಿ ಕೋಣೆ ಇದ್ದ ಹಾಗೆ. ಬಿಸಿಲು ತಾಗಿಸದೆ, ಸಿಪ್ಪೆ ಸುಲಿಯದೆ ಕಾಯಿಯನ್ನು ವರ್ಷದ ಹತ್ತಿರ ಮಲಗಿಸಿದರೆ ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಿ ಉರುಳುತ್ತದೆ. ಆಗ ಕಾಯಿ ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತದೆ. ಅದಕ್ಕೆ ಅಜ್ಜಿ ಹೇಳುವುದು, ಕಾಯಿ ಮಾತಾಡ್ತು ಅಂತ. ಮಾತಾಡುವ ಮೊದಲೇ ಒಡೆದರೆ ತಿರುಳು ಚಿಪ್ಪಿಗೆ ಕಚ್ಚಿಕೊಂಡು ಚೂರು ಚೂರಾಗಿ ಬರುತ್ತದೆ.

ಲಿಂಗಣ್ಣ ಮೇಲಿನಿಂದ ಒಂದೊಂದೇ ಕಾಯಿ ಇಳಿಸಿದರು. ಅಜ್ಜಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ಅಲ್ಲಾಡಿಸಿ ಒಂದನ್ನು ಆರಿಸಿದರು. ಒಳಗೆ ಇನ್ನೂ ಗುಟುಕು ನೀರಿತ್ತು.

"ಹೋಗುವಾಗ ಇದು ಕಾಯಿ. ಅಲ್ಲಿಗೆ ಹೋದ್ಮೇಲೆ ಕೊಬ್ಬರಿ ಆಯ್ತದೆ. ಯಾವ ರೂಲ್ಸು ಇದ್ರ ಹೊಟ್ಟೆ ಬಗೆದು ನೋಡ್ತದೋ ನಾನೂ ನೋಡ್ತೀನಿ."

ಆಮೇಲೆ ಮೋನಿಕಾಳ ಕಡೆ ತಿರುಗಿದರು. ಮೋನಿಕಾ ಅನ್ನುವ ಹೆಸರು ಅವರ ನಾಲಿಗೆಯ ಮೇಲೆ ಮೊದಲ ದಿನವೇ ಮಾಣಿಕವ್ವ ಆಗಿತ್ತು. "ಮಾಣಿಕವ್ವ, ಅಲ್ಲಿ ಊಟ ಹೆಂಗೆ ನಿಮ್ದು?"

"ನನ್ನ ಡ್ಯೂಟಿ ಮುಗಿಯೋವಾಗ ಇವರದು ಶುರು ಅಜ್ಜಿ. ಒಬ್ಬರು ಮಾಡಿಟ್ಟಿದ್ದನ್ನ ಇನ್ನೊಬ್ಬರು ಬಿಸಿ ಮಾಡ್ಕೊಂಡು ತಿಂತೀವಿ."

"ಮದುವೆ ಆಗಿದ್ದೀರೋ, ಹೋಟ್ಲು ಇಟ್ಟಿದ್ದೀರೋ?" ಅಜ್ಜಿ ಕಾಯಿಯನ್ನು ಅವಳ ಮಡಿಲಿಗೆ ಹಾಕಿದರು. "ಇದು ಮಾತಾಡಿದ್ಮೇಲೆ ಒಡೀಬೇಕು. ಇಬ್ರಿಗೂ ರಜೆ ಇರೋ ದಿನ, ಒಟ್ಟಿಗೆ ಕೂತು, ಬೆಲ್ಲ ಇಟ್ಕಂಡು ತಿನ್ಬೇಕು. ಒಬ್ರು ಕೂತು ಒಬ್ರು ಓಡ್ತಾ ತಿಂದ್ರೆ ಲೆಕ್ಕಕ್ಕಿಲ್ಲ. ಮಾತು ಕೊಡು."

"ಕೊಟ್ಟೆ ಅಜ್ಜಿ."

"ಅಲ್ಲೀಗಂಟ ನಾನು ಎಲೆ ಅಡಿಕೆ ಮುಟ್ಟಲ್ಲ."

ಅಡುಗೆಮನೆಯಲ್ಲಿ ಲೋಟ ಬಿದ್ದ ಸದ್ದಾಯಿತು. ಮೋನಿಕಾಳ ಅತ್ತೆ ಮಂಗಳಮ್ಮ ಒದ್ದೆ ಕೈಯಲ್ಲೇ ಓಡಿಬಂದರು. "ಅಯ್ಯೋ ಅತ್ತೆ, ಬೇರೆ ಏನಾದ್ರೂ ಬಿಡಿ! ಕಾಫಿ ಬಿಡಿ, ಬೇಕಾದ್ರೆ ಉಪವಾಸ ಮಾಡಿ, ಎಲೆ ಅಡಿಕೆ ಮಾತ್ರ ಬಿಡ್ಬೇಡಿ!"

ಮಂಗಳಮ್ಮನ ಗಾಬರಿಗೆ ಕಾರಣವಿತ್ತು. ಎಲೆ ಅಡಿಕೆ ತುಂಬಿದ್ದರೆ ಅಜ್ಜಿಯ ಬಾಯಿಗೆ ಬಿಡುವಿರುತ್ತಿರಲಿಲ್ಲ. ಖಾಲಿಯಾದರೆ ಸಾರಿಗೆ ಉಪ್ಪು, ಹಾಲಿಗೆ ನೀರು, ಅಂಗಳಕ್ಕೆ ಸಗಣಿ ಎಲ್ಲವೂ ಹೆಚ್ಚಾಯ್ತು, ಕಮ್ಮಿಯಾಯ್ತು ಅಂತ ಆ ಬಾಯಿಗೆ ಬಂದು ಹೋಗುತ್ತಿದ್ದವು.

*

ಮಸ್ಕತ್ತಿನ ರೂವಿಯಲ್ಲಿ ಅವರದು ಒಂದೇ ಕೋಣೆಯ ಮನೆ. ಕಾಯಿಯನ್ನು ಬೀರುವಿನ ಮೇಲೆ, ಖಾಲಿ ಸೂಟ್‌ಕೇಸಿನ ನೆರಳಲ್ಲಿ ಮಲಗಿಸಿದರು. ಕಿಟಕಿಗೆ ಕೂರಿಸಿದ ಹಳೇ ಏಸಿ ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತಿತ್ತು. ಊರವರ ಏಸಿಯನ್ನೆಲ್ಲ ಸರಿಮಾಡುವ ಶಿವರಾಜುವಿಗೆ ತನ್ನ ಮನೆಯದನ್ನು ಬಿಚ್ಚಲು ಬಿಡುವಿರಲಿಲ್ಲ.

ಮೋನಿಕಾಳಿಗೆ ಬೇಕಾಗಿದ್ದುದು ಒಂದೇ ಒಂದು ಶುಕ್ರವಾರ. ಆ ದೇಶದಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಅವಳಿಗೆ ರಜೆ ಸಿಕ್ಕಿದಾಗ ಶಿವರಾಜುವಿಗೆ ಕೆಲಸ, ಅವನಿಗೆ ಸಿಕ್ಕಿದಾಗ ಅವಳಿಗೆ ನೈಟ್ ಡ್ಯೂಟಿ. ಇಬ್ಬರೂ ಹೊತ್ತೇರುವ ತನಕ ಮಲಗಿ, ಎದ್ದು, ಮತ್ತೆ ಮಲಗಬೇಕು. ಸಂಜೆ ಮತ್ರಾದ ಕಡಲ ದಂಡೆಯಲ್ಲಿ ಕಾಲು ಚಾಚಿ ಕೂರಬೇಕು. ಅಷ್ಟೇ. ಇದಕ್ಕಿಂತ ಹೆಚ್ಚಿನ ಆಸೆಯನ್ನು ಅವಳು ದೇವರ ಮುಂದೆಯೂ ಹೇಳಿಕೊಂಡಿರಲಿಲ್ಲ.

ಬಂದ ಮೇಲೆ ಮೊದಲ ಸಲ ಅಂಥದೊಂದು ಶುಕ್ರವಾರ ಬಂತು. ಊರಲ್ಲಿ ತಿಂಡಿ ಮುಗಿಯುವ ಹೊತ್ತಿಗೆ ಇಲ್ಲಿ ಇನ್ನೂ ಮಂಪರು. ಫೋನು ಬಡಿದುಕೊಂಡಿತು.

"ಎದ್ರಾ?" ಪರದೆಯ ತುಂಬ ಮಂಗಳಮ್ಮನ ಮುಖ.

"ಎದ್ವಿ ಅತ್ತೆ," ಅಂದಳು ಮೋನಿಕಾ, ಕಣ್ಣು ಮುಚ್ಚಿಕೊಂಡೇ.

"ನಿಮ್ಮನೆ ಎಷ್ಟು ನಿಶ್ಶಬ್ದ ಕಣಮ್ಮ, ಮಠದಲ್ಲಿ ಕೂತಂಗೆ! ಇಲ್ಲಿ ನೋಡು, ಬೆಳಗ್ಗಿನಿಂದ ನಿಮ್ಮಜ್ಜಿ ಪುರಾಣ. ಉಪ್ಪಿಟ್ಟು ಗಂಟಾಗೈತಂತೆ. ನಾನು ಬಂದಾಗಿಂದ ಈ ಮನೇಲಿ ಉಪ್ಪಿಟ್ಟು ಗಂಟಂತೆ."

ಹಿಂದಿನಿಂದ ಅಜ್ಜಿಯ ಕೈ ಬಂದು ಫೋನು ಕಿತ್ತುಕೊಂಡಿತು. "ಗಂಟಿದ್ದಿದ್ದಕ್ಕೆ ಗಂಟು ಅಂದೆ. ಮಾಣಿಕವ್ವ, ಕಾಯಿ ಅಲ್ಲಾಡ್ಸು."

ಶಿವರಾಜು ಕುರ್ಚಿ ಹತ್ತಿ ಕಾಯಿ ಇಳಿಸಿ ಅಲ್ಲಾಡಿಸಿದ. ಗುಡುಗುಡು ಇಲ್ಲ.

"ಇನ್ನೂ ಹಸುಗೂಸು. ಮಲಗ್ಸು," ಅಂದರು ಅಜ್ಜಿ.

ಕಾಯಿ ಮಲಗಿತು. ಇವರೂ ಮಲಗಬೇಕು ಅನ್ನುವಷ್ಟರಲ್ಲಿ ಕಂಪನಿಯ ಸೂಪರ್‌ವೈಸರ್ ವೆಂಕಟಯ್ಯನ ಫೋನು ಬಂತು. ಹಾಸನದ ಕಡೆಯವರು. ಬೈದು ಕೆಲಸ ಹೇಳುವವರಾಗಿದ್ದರೆ ಎದುರು ಮಾತಾಡಬಹುದಿತ್ತು. ಇವರು ಕರುಳು ಕರಗುವ ಹಾಗೆ ಕೇಳುತ್ತಿದ್ದರು. "ಶಿವರಾಜಪ್ಪ, ಪಾಪ ಕಣಪ್ಪ, ಮನೇಲಿ ಎಳೇ ಮಗು ಐತಂತೆ, ಏಸಿ ನಿಂತೋಗೈತಂತೆ. ನಿನ್ನ ಬಿಟ್ರೆ ಯಾರಿದಾರೆ ಹೇಳು?"

ಶಿವರಾಜು ಪ್ಯಾಂಟು ಹುಡುಕಿದ. ಮೋನಿಕಾ ಆ ಶುಕ್ರವಾರ ಬಟ್ಟೆ ಒಗೆದಳು, ಕಿಟಕಿಯ ಮರಳು ಗುಡಿಸಿದಳು, ವಾರಕ್ಕಾಗುವಷ್ಟು ಹುಳಿಪುಡಿ ಹುರಿದಳು, ಒಬ್ಬಳೇ ಊಟ ಮಾಡಿದಳು.

ಮುಂದಿನ ವಾರಗಳೂ ಹೀಗೇ ಹೋದವು. ಕಾಯಿ ಅಲ್ಲಾಡಿಸುವುದು, ಅಜ್ಜಿ "ಮಲಗ್ಸು" ಅನ್ನುವುದು, ಫೋನು ಬರುವುದು, ಪ್ಯಾಂಟು ಹುಡುಕುವುದು.

*

ಒಂದು ಬೆಳಿಗ್ಗೆ ಮೋನಿಕಾ ಬೀರುವಿನ ಮೇಲಿನ ಧೂಳು ಒರೆಸುತ್ತಿದ್ದಾಗ ಕೈ ತಾಗಿ ಕಾಯಿ ಉರುಳಿತು. ಒಳಗೆ ಯಾರೋ ಮಗ್ಗುಲು ಬದಲಿಸಿದಂತೆ, ಗುಡುಗುಡು.

"ರೀ! ಮಾತಾಡ್ತು ರೀ!"

ಶಿವರಾಜು ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದ. ಅಲ್ಲಾಡಿಸಿದರೆ ಏಸಿಯ ಗಿರಣಿ ಸದ್ದನ್ನೂ ಮೀರಿ ಕೇಳುತ್ತಿತ್ತು. ತಕ್ಷಣ ಊರಿಗೆ ಫೋನು ಹಚ್ಚಿದರು. ಅಜ್ಜಿ ಫೋನನ್ನು ಕಿವಿಗೆ ಒತ್ತಿಕೊಂಡರು. ಇವರಿಗೆ ಪರದೆಯ ತುಂಬ ಅವರ ಓಲೆ ಕಾಣಿಸಿತು.

ಶಿವರಾಜು ಅಲ್ಲಾಡಿಸಿದ.

"ಅಲ್ಲಾಡ್ಸು," ಅಂದರು ಅಜ್ಜಿ.

"ಅಲ್ಲಾಡಿಸ್ತಿದೀನಿ ಅಜ್ಜಿ."

"ಎಲ್ಲಿ? ಸದ್ದೇ ಇಲ್ಲ."

ಅವನು ಎರಡೂ ಕೈಯಲ್ಲಿ ಹಿಡಿದು, ದೇವರು ಮೈಮೇಲೆ ಬಂದವನಂತೆ ಕುಣಿಯುತ್ತ ಅಲ್ಲಾಡಿಸಿದ. ಕೆಳಗಿನ ಮನೆಯವರು ತಮ್ಮ ಸೂರಿಗೆ ಕೋಲಿನಿಂದ ಕುಟ್ಟಿದರು. ಹಾಲ್ಕುರಿಕೆಗೆ ಮಾತ್ರ ಏನೂ ಕೇಳಿಸಲಿಲ್ಲ.

"ಮೂಕ ಕಾಯಿ," ತೀರ್ಪು ಕೊಟ್ಟರು ಅಜ್ಜಿ. "ಕಡಲ ಗಾಳಿ ಬಡಿದು ತಿರುಳು ಕಚ್ಕಂಡೈತೆ. ಒಡೀಬ್ಯಾಡ್ರಿ. ಮಲಗ್ಸಿ."

"ನಮಗೆ ಕೇಳಿಸ್ತಿದೆ ಅಜ್ಜಿ!"

"ನನಗೆ ಕೇಳ್ಬೇಕು ಕಣ್ಲಾ. ಎಲೆ ಅಡಿಕೆ ಬಿಟ್ಟಿರೋಳು ನಾನು."

ಸ್ವಲ್ಪ ಹೊತ್ತಿಗೆ ಮಂಗಳಮ್ಮ ದನದ ಕೊಟ್ಟಿಗೆಯಿಂದ ಗುಟ್ಟಾಗಿ ಫೋನು ಮಾಡಿದರು. ಅವರ ತಲೆಯ ಹಿಂದೆ ಎಮ್ಮೆಯೊಂದು ಮೆಲುಕು ಹಾಕುತ್ತಿತ್ತು. "ಮೋನಿಕಾ, ಹೆಂಗಾದ್ರೂ ಮಾಡಿ ಸದ್ದು ಬರಿಸ್ರಮ್ಮ. ಇವತ್ತು ನಮ್ಮೆಜಮಾನರ ಮೀಸೆ ಓರೆ ಅಂದ್ರು. ಆ ಮನುಷ್ಯ ಕನ್ನಡಿ ಮುಂದೆ ನಿಂತೋನು ಇನ್ನೂ ಬಂದಿಲ್ಲ. ಈ ಎಮ್ಮೆಗೂ ಬಿಟ್ಟಿಲ್ಲ, ಸೊಕ್ಕಿನ ನಡಿಗೆಯಂತೆ ಇದರದು."

ಹಾಗಾಗಿ ಮುಂದಿನ ವಾರ ಶಿವರಾಜು ಒಂದು ಉಪಾಯ ಹೂಡಿದ. ಮೋನಿಕಾ ಕಾಯಿ ಅಲ್ಲಾಡಿಸಬೇಕು. ಅವನು ಮಂಚದ ಹಿಂದೆ ಬಗ್ಗಿ ಕೂತು ಬಾಯಲ್ಲಿ ಸದ್ದು ಮಾಡಬೇಕು.

"ಬೇಡ ರೀ. ಅಜ್ಜಿಗೆ ಗೊತ್ತಾಗುತ್ತೆ."

"ಹೈಸ್ಕೂಲಲ್ಲಿ ಬಸ್ಸು, ಟ್ರ್ಯಾಕ್ಟರ್ ಎಲ್ಲ ಮಾಡ್ತಿದ್ದೆ ಕಣೇ. ಕಾಯಿ ಯಾವ ಲೆಕ್ಕ?"

ಫೋನು ಹೋಯಿತು. ಮೋನಿಕಾ ಕಾಯಿ ಎತ್ತಿದಳು. ಮಂಚದ ಹಿಂದಿನಿಂದ "ಗುಡುಗುಡುಗುಡು" ಎಂದು ಸದ್ದು ಎದ್ದಿತು. ಅವಳ ಕೈ ನಿಂತ ಮೇಲೂ ಇನ್ನೊಂದು ಸಲ ಗುಡುಗಿತು.

ಅಜ್ಜಿ ಪರದೆಗೆ ಮುಖ ಹತ್ತಿರ ತಂದರು.

"ಮಾಣಿಕವ್ವ, ಕಾಯಿಗೆ ನೆಗಡಿ ಆಗೈತಾ?"

"ಯಾಕಜ್ಜಿ?"

"ಮೂಗಲ್ಲಿ ಮಾತಾಡ್ತದೆ. ನಮ್ ಶಿವರಾಜು ಚಿಕ್ಕೋನಿದ್ದಾಗ ಹಿಂಗೇ ಟ್ರ್ಯಾಕ್ಟ್ರು ಓಡಿಸ್ತಿದ್ದ. ಎದ್ದು ಬಾ ಅನ್ನು ಆ ಕಾಯಿಗೆ. ಮಂಚದ ಹಿಂದೆ ತಂಡಿ."

ಶಿವರಾಜು ಎದ್ದು ಬಂದ. ಅಜ್ಜಿ ಫೋನು ಇಟ್ಟರು. ಆ ದಿನ ಮಂಗಳಮ್ಮ ಅಜ್ಜಿಯ ಬಾಯಿ ತಪ್ಪಿಸಿಕೊಂಡು ಎರಡು ಸಲ ಕೊಟ್ಟಿಗೆಗೆ ಹೋದರಂತೆ.

*

ಗಂಟು ಬಿಡಿಸಿದ್ದು ಚಟ್ನಿ. ಮೋನಿಕಾ ದೋಸೆಗೆಂದು ಕಡಲೆ, ಅಂಗಡಿಯಿಂದ ತಂದ ಕಾಯಿತುರಿ, ಮೆಣಸಿನಕಾಯಿ ಮಿಕ್ಸಿಗೆ ಹಾಕಿ ತಿರುವುತ್ತಿದ್ದಾಗ ಮಂಗಳಮ್ಮನ ಫೋನು ಬಂತು. ಒಂದು ಕೈ ಮಿಕ್ಸಿಯ ಮುಚ್ಚಳದ ಮೇಲಿಟ್ಟುಕೊಂಡೇ ಮಾತಾಡಿದಳು.

"ಏನಮ್ಮ ಮಾಡ್ತಿದ್ದೀಯ?"

"ಚಟ್ನಿ ರುಬ್ತಿದ್ದೀನಿ ಅತ್ತೆ."

"ಮಿಕ್ಸಿ ಸದ್ದೇ ಬರ್ತಿಲ್ವಲ್ಲೇ! ಫಾರಿನ್ ಮಿಕ್ಸೀನಾ?"

ಮಿಕ್ಸಿ ತಿಪಟೂರಿನಿಂದ ಬಂದದ್ದು, ಮದುವೆಗೆ ಸೋದರಮಾವ ಕೊಟ್ಟದ್ದು. ಅದು ತಿರುಗಿದರೆ ಕೆಳಗಿನ ಮನೆಯ ಮಗು ಎದ್ದು ಅಳುತ್ತಿತ್ತು. ಮೋನಿಕಾಳ ಕೈ ಹಾಗೇ ನಿಂತಿತು. ಏಸಿಯ ಗಿರಣಿ ಓಡುತ್ತಿದ್ದರೂ ಅತ್ತೆಗೆ ಮಠದ ಮೌನ. ಮಿಕ್ಸಿ ತಿರುಗಿದರೂ ಮೌನ. ಕಾಯಿ ಅಲ್ಲಾಡಿದರೂ ಮೌನ. ಶಿವರಾಜು ಬಾಯಲ್ಲಿ ಗುಡುಗಿದ್ದು ಮಾತ್ರ ಮೂಗಿನ ಸಮೇತ ಊರು ಮುಟ್ಟಿತ್ತು.

"ರೀ, ಈ ಹಾಳು ಫೋನು ಮನುಷ್ಯರ ಮಾತು ಬಿಟ್ಟು ಬೇರೆಲ್ಲ ಸದ್ದನ್ನೂ ಗಲಾಟೆ ಅಂತ ಸೋಸಿಬಿಡುತ್ತೆ!"

"ಕಾಯಿ ಮಾತಾಡಿದ್ದನ್ನ?"

"ಅದಕ್ಕೇನು ಗೊತ್ತು ನಮ್ಮ ಕಡೆ ಕಾಯಿ ಮಾತಾಡುತ್ತೆ ಅಂತ?"

ಏಸಿ ಆರಿಸಿ, ಕರೆ ಮಾಡದೆ, ಕಾಯಿ ಅಲ್ಲಾಡಿಸುವುದನ್ನು ವಿಡಿಯೋ ತೆಗೆದು ಕಳಿಸಿದರು. ಲಿಂಗಣ್ಣ ಅದನ್ನು ಅಮ್ಮನ ಕಿವಿಗೆ ಹಿಡಿದರಂತೆ. ಅಜ್ಜಿ ಕಣ್ಣು ಮುಚ್ಚಿ ಮತ್ತೆ ಮತ್ತೆ ಹಾಕಿಸಿಕೊಂಡರಂತೆ. ಕೊನೆಗೆ ಸಂದೇಶವೂ ವಿಡಿಯೋದಲ್ಲೇ ಬಂತು. "ಮಾತಾಡ್ತು ಕಣವ್ವ. ಗಟ್ಟಿ ಗಂಟಲು. ಇನ್ನು ಒಟ್ಟಿಗೆ ಕೂತ್ಕಳಿ." ಹಿಂದೆ ಮಂಗಳಮ್ಮ ವೀಳ್ಯದೆಲೆ ತೊಳೆದು ಒರೆಸುತ್ತಿರುವುದು ಕಾಣಿಸಿತು.

ಕಾಯಿ ತಯಾರಿತ್ತು. ಬೆಲ್ಲ ತಯಾರಿತ್ತು. ಒಟ್ಟಿಗೆ ಕೂರುವ ದಿನ ಮಾತ್ರ ಇರಲಿಲ್ಲ. ಮೋನಿಕಾ ಜೊತೆಯವಳ ಎರಡು ನೈಟ್ ಡ್ಯೂಟಿ ತಾನು ಮಾಡಿ ಒಂದು ಶುಕ್ರವಾರ, ಶನಿವಾರ ಸಂಪಾದಿಸಿದಳು. ಗುರುವಾರ ಸಂಜೆ ಶಿವರಾಜು ಚಪಾತಿ ಹಿಟ್ಟು ಕಲಸುತ್ತಿದ್ದಾಗ ಫೋನು ಹೊಡೆದುಕೊಂಡಿತು. ಕೈ ಹಿಟ್ಟಾಗಿದ್ದರಿಂದ ಮೋನಿಕಾ ಸ್ಪೀಕರಿಗೆ ಹಾಕಿ ಹಿಡಿದಳು.

"ಶಿವರಾಜಪ್ಪ, ನಾಳೆ ಒಂದು ಮನೆ ಐತಪ್ಪ. ಪಾಪ, ವಯಸ್ಸಾದೋರು..."

ಶಿವರಾಜು ಹೆಂಡತಿಯ ಮುಖ ನೋಡಿದ. ಅವಳು ಬೀರುವಿನ ಕಡೆ ನೋಡಿದಳು.

"ಆಗಲ್ಲ ಸಾರ್," ಅಂದ ಅವನು. ಆ ಮಾತು ಬಾಯಿಂದ ಬಂದದ್ದಕ್ಕೆ ಅವನೇ ಬೆಚ್ಚಿದ. ಏನಾದರೂ ಕಾರಣ ಹೇಳಬೇಕಲ್ಲ. "ನಾಳೆ ಮನೇಲಿ... ಅಜ್ಜಿ ಕಾರ್ಯ ಸಾರ್."

ಆ ಕಡೆಯಿಂದ ವೆಂಕಟಯ್ಯ ಕೂಗಿದರು. "ಅಯ್ಯೋ ಶಿವನೇ! ಅಜ್ಜಿ ಯಾವಾಗ ಹೋದ್ರಪ್ಪ?"

"ಎಲ್ಲಿಗೆ ಸಾರ್? ಎಲ್ಲೂ ಹೋಗಿಲ್ಲ. ಹಾಲ್ಕುರಿಕೆಲೇ ಇದ್ದಾರೆ."

ವೆಂಕಟಯ್ಯ ದನಿ ತಗ್ಗಿಸಿದರು. "ನಿಜ ಕಣಪ್ಪ. ಹಿರಿಯರು ಎಲ್ಲೂ ಹೋಗಲ್ಲ. ಮನೇಲೇ ಇರ್ತಾರೆ, ನಮ್ಮನ್ನ ನೋಡ್ತಾನೇ ಇರ್ತಾರೆ."

"ಅದೇನೋ ನಿಜ ಸಾರ್. ದಿನಾ ನೋಡ್ತಾರೆ."

"ನೀನು ಎರಡು ದಿನ ಬರಬೇಡ. ಶನಿವಾರಾನೂ ಬೇಡ. ನಾನು ನೋಡ್ಕೋತೀನಿ."

ಮೋನಿಕಾಳಿಗೆ ಅರ್ಥವಾಯಿತು. ಹೇಳಬೇಕೆಂದು ಬಾಯಿ ತೆರೆದಳು. ಎರಡು ದಿನ ಅನ್ನುವ ಮಾತು ಕಿವಿಗೆ ಬಿತ್ತು. ಬಾಯಿ ಮುಚ್ಚಿದಳು.

"ಎಂಥ ಒಳ್ಳೇ ಮನುಷ್ಯ ನೋಡು," ಅಂದ ಶಿವರಾಜು, ಹಿಟ್ಟು ನಾದುತ್ತ. "ಕೊಬ್ಬರಿ ಒಡೆಯೋದು ಅಂದ್ರೆ ಎಷ್ಟು ಭಕ್ತಿ."

*

ಶುಕ್ರವಾರ ಅವರು ಎದ್ದಾಗ ಬಿಸಿಲು ಗೋಡೆ ಇಳಿದು ಮಂಚಕ್ಕೆ ಬಂದಿತ್ತು. ಯಾರ ಫೋನೂ ಬರಲಿಲ್ಲ. ಎದ್ದು ಕಾಫಿ ಕುಡಿದು ಮತ್ತೆ ಮಲಗಿದರು. ಮತ್ತೆ ಎದ್ದು ಕಾಯಿ ಇಳಿಸಿದರು. ಸುಲಿಯಲು ಮಚ್ಚಿರಲಿಲ್ಲ. ಶಿವರಾಜು ಏಸಿ ಬಿಚ್ಚುವ ಸ್ಕ್ರೂಡ್ರೈವರ್, ಇಕ್ಕಳ, ಸ್ಪ್ಯಾನರ್ ಹರಡಿಕೊಂಡು ಕೂತ. ನಾರು ಕೋಣೆಯ ತುಂಬ ಹಾರಿತು.

ಅಜ್ಜಿ ನೋಡಲೇಬೇಕಲ್ಲ, ಮೋನಿಕಾ ವಿಡಿಯೋ ಕರೆ ಮಾಡಿ ಫೋನನ್ನು ದೇವರ ಗೂಡಿನಲ್ಲಿ ಒರಗಿಸಿದಳು. ಅಲ್ಲಿಂದ ಮಾತ್ರ ನೆಲ ಪೂರ್ತಿ ಕಾಣುತ್ತಿತ್ತು. ಪಕ್ಕದಲ್ಲಿ ದೀಪ, ಊದುಬತ್ತಿ. ಸಿದ್ದಗಂಗಮ್ಮ ಸುಣ್ಣ ಹಚ್ಚಿದ ಎಲೆ ಹಿಡಿದು, ಕಾಯುತ್ತ ಕಾಯುತ್ತ, ಕಣ್ಣು ಮುಚ್ಚಿದರು.

ಬಾಗಿಲು ತಟ್ಟಿದ ಸದ್ದಾಯಿತು. ವೆಂಕಟಯ್ಯ ಚಪ್ಪಲಿ ಬಿಟ್ಟು, ಬಾಳೆಹಣ್ಣಿನ ಚಿಪ್ಪು ಹಿಡಿದು, ತಲೆ ತಗ್ಗಿಸಿ ಒಳಗೆ ಬಂದರು. ತೆಂಗಿನಕಾಯಿ ನೋಡಿದರು, ದೀಪ ನೋಡಿದರು, ಊದುಬತ್ತಿಯ ಹೊಗೆಯ ನಡುವೆ ಕಣ್ಣು ಮುಚ್ಚಿದ ಮುದುಕಿಯ ಮುಖ ನೋಡಿದರು. ಎರಡೂ ಕೈ ಜೋಡಿಸಿದರು.

"ಪುಣ್ಯವಂತೆ. ಮುಖದಲ್ಲಿ ಎಂಥ ಕಳೆ! ನಿಮ್ಮ ಆತ್ಮಕ್ಕೆ ಶಾಂತಿ ಸಿಗ್ಲಿ ತಾಯಿ."

ಮುಖ ಕಣ್ಣು ಬಿಟ್ಟಿತು. "ಯಾರ್ಲಾ ಅದು, ನನಗೆ ಕೈ ಮುಗೀತಿರೋನು?"

ಬಾಳೆಹಣ್ಣು ನೆಲಕ್ಕೆ ಬಿತ್ತು. ಅದರ ಹಿಂದೆಯೇ ವೆಂಕಟಯ್ಯ ಕುಸಿದು ಕೂತರು. ಮೋನಿಕಾ ನೀರು ಕೊಟ್ಟು, ನಾಡಿ ಹಿಡಿದು ನೋಡಿ, ಒಂದೇ ಉಸಿರಿಗೆ ಎಲ್ಲ ಹೇಳಿದಳು. ತಾನು ನಿನ್ನೆ ಬಾಯಿ ಮುಚ್ಚಿದ್ದನ್ನೂ ಸೇರಿಸಿ.

ಶಿವರಾಜು ನಾರಿನ ರಾಶಿಯ ನಡುವೆ ಬಾಯಿ ತೆರೆದು ಕೂತಿದ್ದ. "ಅಲ್ಲ ಸಾರ್, ನೀವು ಹೋದ್ರಾ ಅಂದ್ರಿ, ಇಲ್ಲ ಅಂದೆ!"

ವೆಂಕಟಯ್ಯ ಅವನನ್ನು ನೋಡಿದರು, ಅಜ್ಜಿಯನ್ನು ನೋಡಿದರು. ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ನಗು ಹೊರಬಂತು. ಊರಲ್ಲಿ ಅಜ್ಜಿಯೂ ನಕ್ಕರು.

"ಕೊಟ್ಟ ರಜೆ ವಾಪಸ್ ತಗೋತೀಯೇನಪ್ಪ?" ಕೇಳಿದರು ಅಜ್ಜಿ.

"ಇಲ್ಲ ತಾಯಿ. ನಿಮ್ಮ ಕೈಲಿ ಬೈಸ್ಕೊಳ್ಳೋ ಧೈರ್ಯ ಇಲ್ಲ."

"ನಾನು ನಿಜವಾಗ್ಲೂ ಹೋದಾಗ ಮತ್ತೆ ಕೊಡ್ಬೇಕು. ಇದನ್ನ ಅದ್ರಲ್ಲಿ ಮುರ್ಕೋಬ್ಯಾಡ."

"ಆಗ್ಲಿ ತಾಯಿ," ಅಂದು ಮತ್ತೆ ಕೈ ಮುಗಿದ ವೆಂಕಟಯ್ಯ, ಈ ಸಲ ಅಜ್ಜಿ ಕಣ್ಣು ಬಿಟ್ಟಿದ್ದಾರೆಂದು ನೋಡಿಕೊಂಡು ಮುಗಿದರು. ಕೊಬ್ಬರಿಯಲ್ಲಿ ತಮ್ಮ ಪಾಲು ಎತ್ತಿಡಲು ಹೇಳಿ, ಬಾಗಿಲೆಳೆದುಕೊಂಡು ಹೋದರು.

ಶಿವರಾಜು ಸ್ಪ್ಯಾನರಿನಿಂದ ಚಿಪ್ಪಿನ ಸುತ್ತ ಮೆಲ್ಲಗೆ ತಟ್ಟುತ್ತ ಬಂದ. ಟಕ್ ಎಂದು ಚಿಪ್ಪು ಎರಡಾಯಿತು. ಒಳಗಿನಿಂದ ಕಂದು ಬಣ್ಣದ ಇಡೀ ಉಂಡೆ, ಒಂದು ಗೀರೂ ಇಲ್ಲದೆ, ಮೋನಿಕಾಳ ಅಂಗೈಗೆ ಉರುಳಿತು.

"ಒಡೆದಿಲ್ಲ ಅಜ್ಜಿ! ಇಡೀದು ಬಂತು!"

"ನನ್ನ ಅಟ್ಟದ ಕೂಸು, ಹೆಂಗೆ ಒಡೀತದೆ? ಕೂತ್ಕ. ಅವನನ್ನೂ ಕೂರಿಸ್ಕ."

ಉಂಡೆಯನ್ನು ಎರಡು ಬಟ್ಟಲಾಗಿ ಕೊಯ್ದು ದೇವರ ಮುಂದಿಟ್ಟು, ವೆಂಕಟಯ್ಯನ ಪಾಲು ಎತ್ತಿಟ್ಟರು. ಆಮೇಲೆ ನಾರಿನ ರಾಶಿಯ ನಡುವೆ ಮಂಡಿಗೆ ಮಂಡಿ ತಾಗಿಸಿ ಕೂತರು. ಮೋನಿಕಾ ಬೆಲ್ಲ ಒಡೆದಳು. ಇಬ್ಬರೂ ಒಟ್ಟಿಗೆ ಬಾಯಿಗಿಟ್ಟುಕೊಂಡರು. ಕಟುಂ ಅಂತು. ಆ ಸದ್ದನ್ನು ಫೋನು ಸೋಸಿಹಾಕಿತೋ ಏನೋ, ಆದರೆ ಅಜ್ಜಿಗೆ ಕಣ್ಣಿತ್ತು.

ಹಾಲ್ಕುರಿಕೆಯಲ್ಲಿ ಸಿದ್ದಗಂಗಮ್ಮ ಎಲೆ ಮಡಿಚಿ ಬಾಯಿಗಿಟ್ಟುಕೊಂಡರು. ಅವರ ಕೆನ್ನೆ ಉಬ್ಬಿತು. ಮನೆ ತಣ್ಣಗಾಯಿತು. ಅವರ ಹಿಂದೆ ಮಂಗಳಮ್ಮ ಗೋಡೆಗೊರಗಿ, ಎಷ್ಟೋ ವಾರಗಳ ಮೇಲೆ, ಸುಮ್ಮನೆ ಕೂತರು.